ಲೆದರ್ ಸೀಟಿಗೆ ಎಣ್ಣೆ ಹಚ್ಚಬಹುದಾ? ಸೀಟ್ ಕೆಲಸದವರನ್ನು ಕೇಳಿ

ಪ್ರಶ್ನೆ (ಅಥಣಿಯಿಂದ): ನಮಸ್ಕಾರ್ರಿ ಸರ್. ಹೋದ ತಿಂಗಳ ಒಂದು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೀನ್ರಿ, 2016ರ ಮಾಡೆಲ್. ಒಳಗ ಬೀಜ್ ಬಣ್ಣದ ಲೆದರ್ ಸೀಟ್ ಅದಾವ. ಡ್ರೈವರ್ ಸೀಟ್ ಮಿರಿಮಿರಿ ಹೊಳೀತದ, ಮುಟ್ಟಿದ್ರ ಬಿರುಸು ಅನಸ್ತದ. ನಮ್ಮ ಅಜ್ಜ ಚಪ್ಪಲಿ ಬಿರುಸಾದ್ರ ಎಣ್ಣಿ ಹಚ್ಚಿ ಇಡ್ತಿದ್ದ, ಎರಡು ದಿನದಾಗ ಮೆತ್ತಗ ಆಗ್ತಿತ್ತು. ಸೀಟಿಗೂ ಕೊಬ್ಬರಿ ಎಣ್ಣಿ ಹಚ್ಚಿದ್ರ ನಡೀತದೇನ್ರಿ?

ಉತ್ತರ: ದಯವಿಟ್ಟು ಹಚ್ಚಬೇಡ್ರಿ. ನಿಮ್ಮ ಅಜ್ಜ ಮಾಡಿದ್ದು ಸರಿ, ಆದರೆ ಆ ಚರ್ಮ ಬೇರೆ, ಈ ಚರ್ಮ ಬೇರೆ.

ನಿಮ್ಮೂರಿನ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಮೇಲೆ ಬಣ್ಣದ ಪದರ ಇರುವುದಿಲ್ಲ, ಚರ್ಮ ಬಾಯಿ ತೆರೆದುಕೊಂಡಿರುತ್ತದೆ. ಎಣ್ಣೆ ಸವರಿದರೆ ಕುಡಿಯುತ್ತದೆ. ಕಾರಿನ ಸೀಟಿನ ಚರ್ಮವನ್ನು ಹೆಚ್ಚಾಗಿ ಕ್ರೋಮ್ ಉಪ್ಪಿನಲ್ಲಿ ಹದ ಮಾಡುತ್ತಾರೆ. ಮೆತ್ತಗಿರಲು ಬೇಕಾದ ಕೊಬ್ಬಿನಂಶವನ್ನು ಕಾರ್ಖಾನೆಯಲ್ಲೇ ಒಳಗೆ ಸೇರಿಸಿ, ಮೇಲೆ ಬಣ್ಣ, ಅದರ ಮೇಲೆ ಪಾಲಿಯುರೆಥೇನಿನ ತೆಳುವಾದ ಪದರ ಕೊಟ್ಟು ಬಾಯಿ ಮುಚ್ಚುತ್ತಾರೆ. ನೀವು ಕೈಯಲ್ಲಿ ಮುಟ್ಟುತ್ತಿರುವುದು ಆ ಪದರವನ್ನು. ಕೊಬ್ಬರಿ ಎಣ್ಣೆ ಅದನ್ನು ದಾಟಿ ಇಳಿಯುವುದಿಲ್ಲ, ಮೇಲೇ ಉಳಿದು ಧೂಳು ಹಿಡಿಯುತ್ತದೆ. ಎಣ್ಣೆ, ಧೂಳು ಸೇರಿದ ಮೇಲೆ ನೀವು ಕೂತು ಎದ್ದಾಗಲೆಲ್ಲ ಸೀಟಿಗೆ ಮರಳು ಕಾಗದ ಉಜ್ಜಿದ ಹಾಗೆ. ಹೊಲಿಗೆಯ ತೂತಿನಲ್ಲಿ ಫೋಮಿಗೆ ಇಳಿದ ಎಣ್ಣೆ ಬೇಸಿಗೆಯಲ್ಲಿ ಕಮಟು ವಾಸನೆ ಹೊಡೆಯುತ್ತದೆ, ಆ ವಾಸನೆ ತೆಗೆಯಲು ಸೀಟ್ ಬಿಚ್ಚಲೇಬೇಕು. ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಟೆಂಪೊ ಸೀಟ್ ಹೊಲಿಯುವ ಕುಶನ್ ಅಂಗಡಿಯಲ್ಲಿ ಶುರು ಮಾಡಿದವನು. ಕೊಳೆಯಿಂದ ಹಾಳಾದ ಸೀಟು ಎಷ್ಟು ನೋಡಿದ್ದೇನೋ, ಪ್ರೀತಿಯಿಂದ ಎಣ್ಣೆ ಹಚ್ಚಿ ಹಾಳಾದದ್ದೂ ಅಷ್ಟೇ ನೋಡಿದ್ದೇನೆ.

ಒಂದು ಪರೀಕ್ಷೆ ಮಾಡಿ. ಸೀಟಿನ ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು ಒಂದೆರಡು ನಿಮಿಷ ನೋಡಿ. ಹನಿ ದುಂಡಗೆ ಕೂತಿದ್ದರೆ ಪದರ ಇರುವ ಚರ್ಮ, ಮನೆಯಲ್ಲೇ ಧೈರ್ಯವಾಗಿ ಸ್ವಚ್ಛ ಮಾಡಬಹುದು. ಇಂಗಿ ಕಪ್ಪಾದರೆ ಅದು ಪದರವಿಲ್ಲದ ಅನಿಲಿನ್ ಚರ್ಮ, ಇಲ್ಲವೇ ಆ ಜಾಗದಲ್ಲಿ ಪದರ ಸವೆದಿದೆ. ಅಂಥದ್ದಕ್ಕೆ ನೀವೇ ಕೈ ಹಾಕಬೇಡಿ.

ಇನ್ನು ಆ ಹೊಳಪು. ಹೊಸ ಲೆದರ್ ಹೊಳೆಯುವುದಿಲ್ಲ, ಮಂಕಾಗಿರುತ್ತದೆ. ಹೊಳೆಯುತ್ತಿರುವುದು ಬೆವರು, ಮೈ ಜಿಡ್ಡು, ಧೂಳು ಕೂತು ಕೂತು ಪಾಲಿಶ್ ಆದದ್ದು. ಬಿರುಸು ಅನ್ನಿಸುವುದೂ ಬಹುಪಾಲು ಅದರಿಂದಲೇ. ಹಾಗಾಗಿ ನಿಮ್ಮ ಸೀಟಿಗೆ ಈಗ ಬೇಕಿರುವುದು ಸ್ನಾನ, ಎಣ್ಣೆಯಲ್ಲ.

ಮಾಡುವ ರೀತಿ ಹೇಳುತ್ತೇನೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಸೀಟು ತಣ್ಣಗಿರಬೇಕು. ಮೊದಲು ವ್ಯಾಕ್ಯೂಮ್, ಹೊಲಿಗೆಯ ಸಂದಿಯ ಮಣ್ಣು ಪೂರ್ತಿ ಬರಬೇಕು. ಅದು ಉಳಿದರೆ ಬ್ರಶ್ಶಿನ ಜೊತೆ ಸೇರಿ ಗೀರು ಹಾಕುತ್ತದೆ. ಆಮೇಲೆ ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಅಂತ ಬರೆದಿರುವ ಲೆದರ್ ಕ್ಲೀನರ್. ಅದು ಸಿಗದಿದ್ದರೆ ಒಂದು ಮಗ್ ಉಗುರುಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಮಕ್ಕಳ ಶಾಂಪೂ ಸಾಕು. ಬಟ್ಟೆ ಸೋಪು, ಪಾತ್ರೆ ಉಜ್ಜುವ ಬಾರ್ ಎರಡೂ ಬೇಡ, ಅವು ಕ್ಷಾರ. ಕ್ಲೀನರನ್ನು ಸೀಟಿನ ಮೇಲೆ ಸುರಿಯದೆ ಬ್ರಶ್ಶಿಗೆ ಹಾಕಿ. ಕುದುರೆ ಕೂದಲಿನ ಬ್ರಶ್ ಒಳ್ಳೆಯದು, ಇಲ್ಲದಿದ್ದರೆ ಯಾವುದಾದರೂ ಮೆತ್ತನೆಯದು. ಒಂದು ಸಲಕ್ಕೆ ಒಂದು ಅಡಿ ಜಾಗ ಮಾತ್ರ. ಭಾರ ಹಾಕದೆ ಸುತ್ತಿಸಿ ಉಜ್ಜಿ, ನೊರೆ ಒಣಗುವ ಮೊದಲೇ ಬಿಳಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಿಬಿಡಿ. ನೊರೆ ಒಣಗಿದರೆ ಕೊಳೆ ವಾಪಸ್ ಗೆರೆಗಳೊಳಗೆ ಕೂರುತ್ತದೆ.

ನಿಮ್ಮದು ತಿಳಿ ಬಣ್ಣ, ಮೊದಲನೇ ಸಲ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ, ಗಾಬರಿ ಬೇಡ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಬಾಗಿಲ ಕಡೆಯ ಉಬ್ಬು, ತಲೆಯ ಎಣ್ಣೆ ತಾಗುವ ಹೆಡ್‌ರೆಸ್ಟ್, ಇವೆರಡಕ್ಕೆ ಎರಡು ಮೂರು ಸಲ ಬೇಕಾಗುತ್ತದೆ.

ಪೂರ್ತಿ ಒಣಗಿದ ಮೇಲೆ ಕಂಡೀಷನರ್. ನೀರಿನಂತೆ ಹಗುರ ಇರುವುದು, ಹೊಳಪು ಕೊಡದಿರುವುದು ತಗೊಳ್ಳಿ. ಪದರ ಇರುವ ಚರ್ಮಕ್ಕೆ ಇದು ಊಟವಲ್ಲ. ಉಜ್ಜಾಟ ಕಡಿಮೆ ಮಾಡುತ್ತದೆ, ಮುಂದಿನ ಕೊಳೆ ಸುಲಭಕ್ಕೆ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಒಂದು ಸೀಟಿಗೆ ಎರಡು ರೂಪಾಯಿ ನಾಣ್ಯದಷ್ಟು ಸಾಕು. ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಪ್ರಶ್ನೆ (ಬೆಂಗಳೂರಿನಿಂದ): ಸರ್, ಮದುವೆಯಿಂದ ಬರುವಾಗ ಡಬ್ಬಿಯಿಂದ ಸಾಂಬಾರ್ ಚೆಲ್ಲಿ ಹಿಂದಿನ ಕ್ರೀಮ್ ಬಣ್ಣದ ಸೀಟ್ ಹಳದಿಯಾಯಿತು. ನಮ್ಮ ಮನೆಯವರು ಬಟ್ಟೆ ಸೋಪು ಹಾಕಿ ಉಜ್ಜಿದರು. ಈಗ ಕಲೆ ಕೆಂಪಾಗಿದೆ! ಬಣ್ಣ ಸುಟ್ಟುಹೋಯಿತಾ?

ಉತ್ತರ: ಇಲ್ಲ ಮೇಡಂ, ಸುಟ್ಟಿಲ್ಲ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಇಲ್ಲೂ ಆಗಿರುವುದು. ಸೋಪಿನ ಕ್ಷಾರ ಅರಿಶಿನವನ್ನು ಕೆಂಪು ಮಾಡಿದೆ. ಇನ್ನು ಸೋಪು ಮುಟ್ಟಿಸಬೇಡಿ. ಬರೀ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ನಾಲ್ಕೈದು ಸಲ ಒತ್ತಿ ಒತ್ತಿ ಸೋಪಿನ ಅಂಶ ತೆಗೆಯಿರಿ, ಉಜ್ಜಬೇಡಿ. ಸೋಪು ಹೋದ ಹಾಗೆ ಕೆಂಪು ಹಳದಿಗೆ ತಿರುಗುತ್ತದೆ. ಆಮೇಲೆ ನ್ಯೂಟ್ರಲ್ ಕ್ಲೀನರ್. ಉಳಿದ ಹಳದಿಗೆ ಬೆಳಗಿನ ಎಳೆ ಬಿಸಿಲೇ ಮದ್ದು, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಬಾಗಿಲು ತೆಗೆದು ದಿನಕ್ಕೊಂದು ಗಂಟೆ ಬಿಸಿಲು ಬೀಳಲಿ. ಬ್ಲೀಚ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ, ಕಲೆಯ ಜೊತೆ ಸೀಟಿನ ಬಣ್ಣವನ್ನೂ ಕರಗಿಸುತ್ತವೆ.

ಅದೇ ಮೇಡಂ, ಐದು ದಿನದ ಮೇಲೆ: ಕೆಂಪು ಅವತ್ತೇ ಹೋಯಿತು ಸರ್. ಹಳದಿ ಈಗ ಹುಡುಕಿದರೆ ಮಾತ್ರ ಕಾಣುವಷ್ಟಿದೆ. ನೆಮ್ಮದಿಯಾಯಿತು.

ಪ್ರಶ್ನೆ (ಸಾಗರದಿಂದ): ಅಣ್ಣ, ಮಳೆಗಾಲದಲ್ಲಿ ಹದಿನೈದು ದಿನ ಕಾರು ತೆಗೆಯದಿದ್ದರೆ ಸೀಟು, ಸ್ಟೇರಿಂಗ್ ಮೇಲೆಲ್ಲ ಬೂಷ್ಟು ಬರ್ತದೆ. ಒರೆಸಿದರೆ ಮತ್ತೆ ವಾರಕ್ಕೆ ಹಾಜರು.

ಉತ್ತರ: ಒರೆಸಿದ್ದು ಕಾರಿನೊಳಗೇ ಕೂತಾ? ಹಾಗಾದರೆ ಬೂಷ್ಟಿನ ಧೂಳು ಒಳಗೇ ಹಾರಿ ಬೇರೆ ಕಡೆ ಕೂತಿರುತ್ತದೆ. ಹೊಳವಾದ ದಿನ ನಾಲ್ಕೂ ಬಾಗಿಲು ತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಶ್ಶಿನಿಂದ ಬಿಡಿಸುತ್ತಾ ಜೊತೆಗೇ ವ್ಯಾಕ್ಯೂಮ್ ಹಿಡಿಯಿರಿ. ಆಮೇಲೆ ಕ್ಲೀನರ್ ಹಾಕಿ ಒರೆಸಿ. ಹೊಲಿಗೆ, ಸೀಟಿನ ಸಂದಿ, ಸೀಟ್ ಬೆಲ್ಟ್ ಬಿಡಬೇಡಿ.

ಬೂಷ್ಟಿಗೆ ಬೇಕಾದದ್ದು ತೇವ ಮತ್ತು ಜಿಡ್ಡು. ಮಳೆಗಾಲಕ್ಕೆ ಮುಂಚೆ ದಪ್ಪಗೆ ಕಂಡೀಷನರ್ ಬಳಿಯುವವರು ಅದಕ್ಕೆ ಊಟ ಬಡಿಸಿದ ಹಾಗೆ. ಮೇ ತಿಂಗಳಲ್ಲಿ ಸೀಟು ಚೆನ್ನಾಗಿ ಸ್ವಚ್ಛ ಮಾಡಿ ಹಾಗೇ ಬಿಡಿ. ತೇವ ಎಲ್ಲಿದೆ ಅಂತ ಹುಡುಕಿ. ನಾನು ಮೊದಲು ನೋಡುವುದು ರಬ್ಬರ್ ಮ್ಯಾಟ್ ಕೆಳಗಿನ ಕಾರ್ಪೆಟ್. ಮ್ಯಾಟ್ ಮೇಲೆ ಒಣಗಿರುತ್ತದೆ, ಎತ್ತಿ ಬೆರಳು ಒತ್ತಿದರೆ ನೀರು ಒಸರುತ್ತದೆ. ಅದು ಒಣಗದೆ ಸೀಟು ಒರೆಸಿ ಏನೂ ಪ್ರಯೋಜನವಿಲ್ಲ. ಎರಡು ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಏಸಿ ಹಾಕಿಕೊಂಡು ಓಡಿಸಿ, ಏಸಿ ತೇವ ಎಳೆಯುತ್ತದೆ. ಒದ್ದೆ ಕೊಡೆ ಕಾರಲ್ಲಿ ಬಿಡಬೇಡಿ.

ಪ್ರಶ್ನೆ (ಮೈಸೂರಿನಿಂದ): ಗಾಳಿ ಬರುವ ಸೀಟು ನಮ್ಮದು, ತುಂಬ ಸಣ್ಣ ಸಣ್ಣ ತೂತು. ಅದಕ್ಕೂ ಇದೇ ಕ್ರಮವಾ?

ಉತ್ತರ: ಹೌದು, ಆದರೆ ಏನನ್ನೂ ನೇರ ಸ್ಪ್ರೇ ಮಾಡಬೇಡಿ, ಒಳಗೆ ಫ್ಯಾನ್, ಸೆನ್ಸರ್ ಇರುತ್ತವೆ. ಬಟ್ಟೆಗೆ ಹಾಕಿ ಒರೆಸಿ. ತೂತಿನಲ್ಲಿ ಬಿಳಿ ಕ್ರೀಮ್ ಕೂತಿದ್ದರೆ ಒಣಗಲು ಬಿಟ್ಟು ಮೆತ್ತನೆ ಟೂತ್ ಬ್ರಶ್‌ನಿಂದ ತೆಗೆಯಿರಿ. ಸೂಜಿ ಬೇಡ.

ಪ್ರಶ್ನೆ (ಕಲಬುರಗಿಯಿಂದ): ಬಿಸಿಲಿಗೆ ಸೀಟ್ ಬಿರುಕು ಬಿಟ್ಟಿದೆ. ಯಾವ ಕ್ರೀಮ್ ಹಚ್ಚಿದರೆ ಕೂಡುತ್ತದೆ? ಇನ್ನೊಂದು, ಕಂಪನಿ ಪುಸ್ತಕದಲ್ಲಿ ಲೆದರೆಟ್ ಅಂತ ಬರೆದಿದ್ದಾರೆ.

ಉತ್ತರ: ಲೆದರೆಟ್ ಅಂದರೆ ಚರ್ಮವಲ್ಲ, ಬಟ್ಟೆಯ ಮೇಲೆ ಪಿವಿಸಿ ಅಥವಾ ಪಿಯು (ಪಾಲಿಯುರೆಥೇನ್) ಅನ್ನುವ ಪ್ಲಾಸ್ಟಿಕ್ ಪದರ. ನಮ್ಮಲ್ಲಿ ಲೆದರ್ ಸೀಟ್ ಅಂತ ಕರೆಯುವ ಎಷ್ಟೋ ಸೀಟುಗಳು ಇವೇ. ನಿಜವಾದ ಲೆದರ್ ಇರುವ ಕಾರುಗಳಲ್ಲೂ ಎಷ್ಟೋ ಸಲ ಕೂರುವ, ಒರಗುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿ ಲೆದರೆಟ್. ಇದಕ್ಕೆ ಲೆದರ್ ಕಂಡೀಷನರ್ ದುಡ್ಡು ದಂಡ, ಸ್ವಚ್ಛ ಮಾಡಿದರೆ ಸಾಕು. ಬಿರುಕನ್ನು ಕೂಡಿಸುವ ಕ್ರೀಮ್ ಚರ್ಮಕ್ಕೂ ಇಲ್ಲ, ಲೆದರೆಟ್‌ಗೂ ಇಲ್ಲ. ಚರ್ಮವಾಗಿದ್ದರೆ ಬಿರುಕು ತುಂಬಿಸಿ ಬಣ್ಣ ಕೊಡಬಹುದಿತ್ತು. ನಿಮ್ಮದಕ್ಕೆ ಆ ಒಂದು ಭಾಗ ಮಾತ್ರ ಬಿಚ್ಚಿ ಹೊಸದು ಹೊಲಿಸಿ, ಇಡೀ ಸೀಟ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ. ಬಿಸಿಲಲ್ಲಿ ನಿಲ್ಲಿಸುವಾಗ ಮುಂದಿನ ಗಾಜಿಗೆ ಅಡ್ಡ ಹಲಗೆ ಇಡಿ. ಕವರ್ ಹೊಲಿಸುವುದಾದರೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆಯಾ ಅಂತ ಮೊದಲು ನೋಡಿ, ಆ ಜಾಗವನ್ನು ಮುಚ್ಚಿ ಹೊಲಿಸಬಾರದು.

ಪ್ರಶ್ನೆ (ಮಂಗಳೂರಿನಿಂದ): ಸ್ಟೇರಿಂಗ್ ಅಂಟಂಟು ಆಗಿದೆ. ಕೊರೊನಾ ಕಾಲದಿಂದ ದಿನಾ ಸ್ಯಾನಿಟೈಸರ್ ಹಾಕಿ ಒರೆಸುತ್ತಿದ್ದೇನೆ.

ಉತ್ತರ: ಆಲ್ಕೊಹಾಲ್ ಮೇಲಿನ ಪದರವನ್ನು ಮೆತ್ತಗೆ ಮಾಡಿದೆ. 2020ರ ನಂತರ ಇಂಥ ಸ್ಟೇರಿಂಗ್ ಬಹಳ ಬಂದವು. ಇವತ್ತಿಂದ ನಿಲ್ಲಿಸಿ, ಕೈಗೆ ಹಾಕಿಕೊಂಡ ಸ್ಯಾನಿಟೈಸರ್ ಕೂಡ ಪೂರ್ತಿ ಆರಿದ ಮೇಲೆ ಸ್ಟೇರಿಂಗ್ ಹಿಡಿಯಿರಿ. ಕ್ಲೀನರ್‌ನಿಂದ ಎರಡು ಸಲ ಒರೆಸಿ ನೋಡಿ. ಬರೀ ಕೊಳೆಯಾಗಿದ್ದರೆ ಅಂಟು ಹೋಗುತ್ತದೆ, ಹೋಗದಿದ್ದರೆ ಪದರವೇ ಕೆಟ್ಟಿದೆ, ಹೊಸದಾಗಿ ಚರ್ಮ ಹೊಲಿಸಬೇಕು. ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕಾನ್ ಪಾಲಿಶನ್ನು ಸ್ಟೇರಿಂಗಿಗೆ, ಪೆಡಲ್ಲಿಗೆ ಯಾವ ಕಾರಣಕ್ಕೂ ಹಾಕಬೇಡಿ. ಕೈ ಜಾರಿದರೆ ಜೀವಕ್ಕೆ ಅಪಾಯ.

ಅಥಣಿಯವರು, ಭಾನುವಾರ ಸಂಜೆ: ಸರ್, ಮಾಡಿದೇನ್ರಿ. ನೀವು ಹೇಳಿದಂಗ ಬಟ್ಟಿ ಪೂರಾ ಕರ್ರಗಾತು. ಸೀಟ್ ಮಂಕಾಗಿ ಮೆತ್ತಗ ಆಗ್ಯಾವ, ಮನ್ಯಾಗಿನವ್ರು ಹೊಸಾವು ಹಾಕಿಸಿ ಏನು ಅಂದ್ರು. ಬಾಗಿಲ ಕಡೀ ಉಬ್ಬಿನ ಮ್ಯಾಲ ಇನ್ನೂ ಸ್ವಲ್ಪ ಕಪ್ಪ ಐತ್ರಿ, ಮೂರು ಸಲ ಆತು. ಇನ್ನೊಮ್ಮೆ ಜೋರ್ ಉಜ್ಜಲೇನ್ರಿ?

ಉತ್ತರ: ಬಹಳ ಸಂತೋಷ ಆತ್ರಿ. ಮೂರನೇ ಸಲದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೂದಿ, ಕಂದು ಬಣ್ಣ ಇದ್ದರೆ ಇನ್ನೂ ಕೊಳೆ ಬರುತ್ತಿದೆ, ಒಂದು ವಾರ ಬಿಟ್ಟು ಮತ್ತೊಮ್ಮೆ ಹಗುರವಾಗಿ ಮಾಡಿ. ಬೀಜ್ ಬಣ್ಣ ಹತ್ತಿದ್ದರೆ ಅದು ಸೀಟಿನ ಬಣ್ಣ, ಅಲ್ಲಿಗೇ ನಿಲ್ಲಿಸಿಬಿಡಿ. ಆ ಬಟ್ಟೆಯ ಒಂದು ಫೋಟೋ ಹಾಕ್ರಿ, ನೋಡಿ ಹೇಳುತ್ತೇನೆ.