ಸ್ವರಾಜ್ ದ್ವೀಪದಲ್ಲಿ ಮಕ್ಕಳೊಂದಿಗೆ ಸ್ಕೂಬಾ: ಸಲಹೆ ಬೇಕಿತ್ತು

ಪ್ರಶ್ನೆ: ಜನವರಿಯಲ್ಲಿ ಕುಟುಂಬ ಸಮೇತ ಅಂಡಮಾನಿನ ಸ್ವರಾಜ್ ದ್ವೀಪಕ್ಕೆ, ಅಂದರೆ ಹಿಂದಿನ ಹ್ಯಾವ್‌ಲಾಕಿಗೆ, ಹೊರಟಿದ್ದೇವೆ. ಮಗಳಿಗೆ 12 ವರ್ಷ, ಮಗನಿಗೆ 8. ಇಬ್ಬರನ್ನೂ ಸ್ಕೂಬಾಕ್ಕೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಮಾಡುವ ಡೈವ್‌ಗೆ, ಇಳಿಸಬಹುದೇ? ಪೋರ್ಟ್ ಬ್ಲೇರ್‌ನಿಂದ (ಈಗಿನ ಶ್ರೀ ವಿಜಯಪುರಂ) ವಿಮಾನ ಹಿಡಿಯುವ ದಿನವೇ ಬೆಳಿಗ್ಗೆ ಡೈವ್ ಮಾಡಬಹುದೇ?

ಉತ್ತರ 1: ವಿಮಾನದ ದಿನವೇ ಡೈವ್ ಮಾಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನೀರಿನಾಳದ ಒತ್ತಡದಲ್ಲಿ ಉಸಿರಾಡಿದ ಸಾರಜನಕವು ದೇಹದಲ್ಲಿ ಕರಗಿರುತ್ತದೆ. ಅದು ಹೊರಹೋಗುವ ಮುನ್ನವೇ ವಿಮಾನವೇರಿದರೆ ಒತ್ತಡ ತಗ್ಗಿ ಗುಳ್ಳೆಗಳಾಗುವ ಅಪಾಯವಿರುವುದರಿಂದ, ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕು. ಸಮುದ್ರದ ಡೈವ್‌ಗೆ ಸಾಮಾನ್ಯವಾಗಿ 10 ವರ್ಷ ತುಂಬಿರಬೇಕು. ಮಗನಿಗೆ ಸ್ನಾರ್ಕ್ಲಿಂಗ್ (ಉಸಿರಾಟದ ಕೊಳವೆಯೊಂದಿಗೆ ನೀರಿನ ಮೇಲ್ಮೈಯಲ್ಲೇ ಈಜುವುದು) ಸಾಕು.

ಉತ್ತರ 2: ನೆಗಡಿಯಿದ್ದರೆ ಮಗಳನ್ನೂ ಇಳಿಸಬೇಡಿ; ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗಿಸುವುದು ಕಷ್ಟ. ಎರಡು ಮೀಟರ್ ಇಳಿಯುವಷ್ಟರಲ್ಲೇ ನನ್ನ ಮಗಳಿಗೆ ಕಿವಿ ಚುಚ್ಚತೊಡಗಿತು. ಮೂಗು ಹಿಡಿದು ಮೆಲ್ಲನೆ ಊದಿದ ಮೇಲಷ್ಟೇ ಅವಳ ಹುಬ್ಬಿನ ಗಂಟು ಸಡಿಲವಾಯಿತು.