ರಾಯಭಾರ ಕಚೇರಿ ಗ್ರಾಂಟಿಗೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ?

ನಮಸ್ಕಾರ. ನಮ್ಮದು ಬಳ್ಳಾರಿ ಕಡೆಯ ಸಣ್ಣ ಟ್ರಸ್ಟ್, ಶುರುವಾಗಿ ನಾಲ್ಕು ವರ್ಷ. ತೊಗಲುಗೊಂಬೆ ಆಡಿಸುವ ಮನೆತನದವರನ್ನು ಕರೆದುಕೊಂಡು ಸರ್ಕಾರಿ ಶಾಲೆಗಳಿಗೆ ಹೋಗುತ್ತೇವೆ. ಮಕ್ಕಳು ಆಟ ನೋಡುತ್ತಾರೆ, ಆಮೇಲೆ ಒಂದೆರಡು ದಿನ ಗೊಂಬೆ ಮಾಡೋದು ಕಲಿಯುತ್ತಾರೆ. ರಾಯಭಾರ ಕಚೇರಿಗಳು ಇಂಥ ಕೆಲಸಕ್ಕೆ ಸಣ್ಣ ಗ್ರಾಂಟ್ ಕೊಡುತ್ತವಂತೆ. ಎಲ್ಲಿಂದ ಶುರು ಮಾಡಲಿ?

ರಂಗತಂಡದವರು, ಮೈಸೂರು:
ಮೊದಲು ಇದನ್ನು ಹೇಳಿ. ನಿಮ್ಮ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನಡಿ ನೋಂದಣಿ, ಇದೆಯಾ? ಕಚೇರಿ ದೆಹಲಿಯಲ್ಲೇ ಇರಲಿ, ಚೆನ್ನೈನಲ್ಲೇ ಇರಲಿ, ದುಡ್ಡು ರೂಪಾಯಿಯಲ್ಲೇ ಬರಲಿ, ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ಸರ್ಕಾರದ ದುಡ್ಡು. ನಮಗೆ ಇದು ಗೊತ್ತಾಗಿದ್ದು ಇಪ್ಪತ್ತೆರಡು ಪುಟ ಪ್ರಪೋಸಲ್ ಬರೆದು ಮುಗಿಸಿದ ಮೇಲೆ. ಆಡಿಟರ್ ಮೊದಲ ಪುಟವನ್ನೂ ತಿರುಗಿಸಲಿಲ್ಲ. ‘ಎಫ್‌ಸಿಆರ್‌ಎ ನಂಬರ್ ಎಲ್ಲಿ?’ ಅಂದರು, ಅಷ್ಟೇ.

ನೋಂದಣಿ ಬೇಕಾದರೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು. ಹಿಂದಿನ 3 ವರ್ಷದಲ್ಲಿ ಮೂಲ ಕೆಲಸಕ್ಕೇ 15 ಲಕ್ಷ ಖರ್ಚು ಮಾಡಿರಬೇಕು. ಅಷ್ಟಿಲ್ಲ ಅಂದರೆ ಪೂರ್ವಾನುಮತಿ ಅಂತ ಇನ್ನೊಂದು ದಾರಿ ಇದೆ. ದುಡ್ಡು ಕೊಡುವವರಿಂದ ‘ಇಂಥ ಕೆಲಸಕ್ಕೆ ಇಷ್ಟು ಕೊಡುತ್ತೇವೆ’ ಅಂತ ಪತ್ರ ತಂದು, ಆ ಒಂದು ಕೆಲಸಕ್ಕೆ ಮಾತ್ರ ಗೃಹ ಸಚಿವಾಲಯದ ಒಪ್ಪಿಗೆ ಕೇಳೋದು. ಯಾವ ದಾರಿ ಹಿಡಿದರೂ ದುಡ್ಡು ಬರೋದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಹೆದರಬೇಡಿ, ನಿಮ್ಮೂರಿನ ಎಸ್‌ಬಿಐ ಮೂಲಕವೇ ತೆರೆಸಬಹುದು.

‘ದೊಡ್ಡ ಸಂಸ್ಥೆಯವರ ಖಾತೆಗೆ ತರಿಸಿ ಆಮೇಲೆ ನಾವು ತಗೊಳ್ಳೋಣ’ ಅಂತ ಯಾರಾದರೂ ಹೇಳಿದರೆ ಕೈ ಮುಗಿದುಬಿಡಿ. 2020ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಬಂದ ವಿದೇಶಿ ಹಣವನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಹಾಗಿಲ್ಲ. ಆಡಳಿತದ ಖರ್ಚೂ 20%ಕ್ಕಿಂತ ಜಾಸ್ತಿ ಆಗಬಾರದು.

ದೊಡ್ಡಾಟದ ತಂಡ, ಹಾವೇರಿ:
ನಮಗೆ ಒಮ್ಮೆ ಸಿಕ್ಕಿದೆ, ಎರಡು ಸಲ ಇಲ್ಲ ಅಂದಿದ್ದಾರೆ. ಅಮೆರಿಕದ್ದಾದರೆ ನಮ್ಮ ಕಡೆಗೆ ಚೆನ್ನೈ ಕಾನ್ಸುಲೇಟ್. ಅವರ ಸ್ಯಾಮ್ ಡಾಟ್ ಗವ್ ಜಾಲತಾಣದಲ್ಲಿ ಸಂಸ್ಥೆಯನ್ನು ನೋಂದಾಯಿಸಬೇಕು. ಅದಕ್ಕೆ ದುಡ್ಡಿಲ್ಲ. ‘ಇಷ್ಟು ಕಟ್ಟಿ, ಮಾಡಿಸಿಕೊಡುತ್ತೇವೆ’ ಅಂತ ಬರುವ ಇಮೇಲ್‌ಗಳನ್ನು ಅಳಿಸಿಹಾಕಿ. ನಾವು ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡೆವು. ಯಾಕೆ ಗೊತ್ತಾ? ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಟ್ರಸ್ಟ್ ಡೀಡಿನಲ್ಲಿ ‘ದೊಡ್ಡಾಟ’ಕ್ಕೆ ನಡುವೆ ಒಂದು ‘ಎ’. ಪ್ಯಾನ್ ಕಾರ್ಡಿನಲ್ಲಿ ಎರಡು. ಬ್ಯಾಂಕಿನವರು ‘ದೊಡ್ಡ’ ಬೇರೆ, ‘ಆಟ’ ಬೇರೆ ಮಾಡಿದ್ದರು. ಕನ್ನಡದಲ್ಲಿ ಓದಿದರೆ ಮೂರೂ ಒಂದೇ. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಸಂಸ್ಥೆ!

ಇನ್ನೊಂದು, ‘ನಮ್ಮ ಕಲೆ ಅಳಿದುಹೋಗುತ್ತಿದೆ’ ಅಂತ ಎರಡು ಪುಟ ಅಳಬೇಡಿ. ಮೊದಲ ಸಲ ನಾವು ಅದನ್ನೇ ಮಾಡಿದ್ದು. ಎಷ್ಟು ಶಾಲೆ, ಯಾವ ತಿಂಗಳು, ಎಷ್ಟು ಮಕ್ಕಳು, ಮುಗಿದ ಮೇಲೆ ಶಾಲೆಯಲ್ಲಿ ಏನು ಉಳಿಯುತ್ತದೆ, ಅದನ್ನು ಬರೆಯಿರಿ. ಅಮೆರಿಕದವರು ತಮ್ಮ ದೇಶದ ನಂಟು ಏನು ಅಂತಲೂ ಕೇಳುತ್ತಾರೆ. ಅಲ್ಲಿನ ಗೊಂಬೆಯಾಟದವರೊಬ್ಬರು ಆನ್‌ಲೈನಿನಲ್ಲಿ ಮಕ್ಕಳ ಜೊತೆ ಮಾತಾಡಿದರೂ ಒಂದು ನಂಟೇ, ಅಲ್ವಾ?

ಸಿಕ್ಕ ಮೇಲೆ ತಲೆನೋವು ಲೆಕ್ಕದ್ದು. ಹಳ್ಳಿಯಲ್ಲಿ ಟೆಂಪೋದವನು ಬಿಲ್ ಕೊಡುತ್ತಾನಾ? ನಾವು ವೋಚರ್ ಪುಸ್ತಕ ಜೊತೆಗೇ ಇಟ್ಟುಕೊಂಡಿದ್ದೆವು. ಆಟ ಮುಗಿದ ರಾತ್ರಿಯೇ, ಬಣ್ಣ ತೊಳೆಯುವ ಮೊದಲೇ ಸಹಿ. ಮದ್ದಳೆ ಬಾರಿಸುವ ತಾತನದು ಹೆಬ್ಬೆಟ್ಟು. ‘ಇಷ್ಟು ವರ್ಷ ಬಾರಿಸಿದೀನಿ, ಯಾರೂ ಶಾಯಿ ಹಚ್ಚಿರಲಿಲ್ಲ’ ಅಂತ ನಗುತ್ತಿದ್ದರು. 5,000 ರೂಪಾಯಿ ದಾಟಿದ ರಸೀದಿಗೆ ರೆವಿನ್ಯೂ ಸ್ಟಾಂಪ್ ಮರೆಯಬೇಡಿ.

ಶಾಲಾ ಸಮಿತಿಯವರು, ಬೆಂಗಳೂರು:
ಜಪಾನಿನವರದೂ ತಳಮಟ್ಟದ ನೆರವು ಅಂತ ಒಂದಿದೆ. ಆದರೆ ಅದು ಕಟ್ಟಡ, ಸಲಕರಣೆ ಇಂಥದ್ದಕ್ಕೆ. ಆಟಕ್ಕೂ ಸಂಬಳಕ್ಕೂ ಆಗಲ್ಲ. ನಿಮ್ಮ ಕೆಲಸಕ್ಕೆ ಹೊಂದಲ್ಲ ಅನಿಸುತ್ತದೆ.

ಓದುಗರ ಬಳಗ, ಶಿವಮೊಗ್ಗ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಎರಡು ಮೂರು ಲಕ್ಷದ ಕೆಲಸಕ್ಕೆ ಇಷ್ಟೆಲ್ಲ ಯಾಕೆ? ಒಮ್ಮೆ ನೋಂದಣಿ ಆಯಿತು ಅಂದರೆ ಒಂದು ರೂಪಾಯಿ ಬರದ ವರ್ಷವೂ ಡಿಸೆಂಬರ್ 31ರೊಳಗೆ ಎಫ್‌ಸಿ-4 ಅನ್ನೋ ವಾರ್ಷಿಕ ಲೆಕ್ಕದ ನಮೂನೆ ಹಾಕಬೇಕು. ಅಮೆರಿಕದ ದುಡ್ಡಿನ ಮೇಲೆ ಪೂರ್ತಿ ನೆಚ್ಚಿಕೊಳ್ಳೋದೂ ಬೇಡ. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಬಂದ ದಿನವೇ ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ನಾವು ಹೊರದೇಶದಲ್ಲಿರುವ ನಮ್ಮೂರವರನ್ನೇ ಕೇಳಿದೆವು. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡವರು ಕೊಟ್ಟರೆ ಮಾತ್ರ ಅದೇ ಕಾನೂನು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ನಮ್ಮ ಕಾರ್ಯದರ್ಶಿಯವರ ಸ್ವಂತ ಅಣ್ಣನ ಚೆಕ್ಕನ್ನೇ ವಾಪಸ್ ಕಳಿಸಬೇಕಾಯಿತು. ಅವರ ಮನೆಯಲ್ಲಿ ಇನ್ನೂ ಆ ಮಾತು ಬರುತ್ತದೆ.

ಕೇಳಿದವರು, ಬಳ್ಳಾರಿ:
ಎಲ್ಲರಿಗೂ ಥ್ಯಾಂಕ್ಸ್. ಮೂರು ವರ್ಷದ ಖರ್ಚು ಕೂಡಿಸಿದರೆ ಆರು ಲಕ್ಷವೂ ಆಗಲ್ಲ, ಹಾಗಾಗಿ ನೋಂದಣಿ ಸದ್ಯಕ್ಕಿಲ್ಲ. ಪೂರ್ವಾನುಮತಿ ಬಗ್ಗೆ ಸೋಮವಾರ ಆಡಿಟರ್ ಹತ್ತಿರ ಕೇಳುತ್ತೇನೆ. ಹಾವೇರಿಯವರು ಹೇಳಿದ್ದಕ್ಕೆ ಸುಮ್ನೆ ಪ್ಯಾನ್ ಕಾರ್ಡ್ ತೆಗೆದು ನೋಡಿದೆ. ಡೀಡಿನಲ್ಲಿ ‘ತೊಗಲು’ ಶುರುವಾಗೋದು ‘ಟಿ ಎಚ್’ನಿಂದ, ಪ್ಯಾನ್‌ನಲ್ಲಿ ಬರೀ ‘ಟಿ’.