ಲೈಂಗಿಕ ದೌರ್ಜನ್ಯದ ಆಘಾತಕ್ಕೆ ಬರವಣಿಗೆ: ಯಾವಾಗ, ಎಷ್ಟು, ಏನು ಬರೆಸಬೇಕು?

ತಾಲ್ಲೂಕು_ಸಮಾಲೋಚಕಿ:
ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ನಮ್ಮ ಸಾಂತ್ವನ ಕೇಂದ್ರಕ್ಕೆ ಬರುವವರಲ್ಲಿ ಕೆಲವರು ಬಾಯಿಬಿಟ್ಟು ಹೇಳಲಾರರು, ಹಾಳೆ ಕೊಟ್ಟರೆ ಬರೆಯುತ್ತಾರೆ. ಎಲ್ಲರೂ 18 ದಾಟಿದವರು. ಮನೆಯಲ್ಲಿ ರಾತ್ರಿಯೆಲ್ಲ ಬರೆದು ಇನ್ನಷ್ಟು ಕುಸಿದವರೂ ಇದ್ದಾರೆ. ಯಾವಾಗ ಶುರು ಮಾಡಿಸಬೇಕು, ಎಷ್ಟು ಹೊತ್ತು? ನಡೆದದ್ದನ್ನೆಲ್ಲ ಬರೆಯಲೇಬೇಕೇ? ಬರೆದ ಹಾಳೆಗಳನ್ನು ಏನು ಮಾಡುವುದು?

ಮನಶ್ಶಾಸ್ತ್ರ_ಬೆಂಗಳೂರು:
ಮೇಡಂ, ಮೊದಲ ಕೆಲವು ವಾರ ಘಟನೆಯ ವಿವರ ಬರೆಸಲು ಹೋಗಬೇಡಿ. ಆಗ ಆಸ್ಪತ್ರೆ ಮುಖ್ಯ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಮೇಲೆ ನಿದ್ದೆ, ಊಟ, ಹೆದರಿಕೆಯಿಲ್ಲದೆ ಇರುವ ಜಾಗ.

ರಾತ್ರಿ ಬರೆದು ಕುಸಿಯುವುದಕ್ಕೆ ಕಾರಣವಿದೆ: ಗಡುವಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಕೆದಕಿದ ನೆನಪು ತಣಿಯುವ ಮೊದಲೇ ಮಲಗುವ ಹೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ತಮ್ಮ 1986ರ ಪ್ರಯೋಗದಲ್ಲಿ ಬರೆಸಿದ್ದು ದಿನಕ್ಕೆ 15 ನಿಮಿಷ, ಸತತ 4 ದಿನ, ಅಷ್ಟೇ. ಅಲ್ಲೂ ಬರೆದ ಕೂಡಲೇ ಮನಸ್ಸು ಭಾರವಾಗುತ್ತಿತ್ತು. ಪ್ರಯೋಜನ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಬರೆದವರು ಕಾಲೇಜು ವಿದ್ಯಾರ್ಥಿಗಳು. ಪಿಟಿಎಸ್‌ಡಿ (ಆಘಾತದ ನಂತರ ತಿಂಗಳುಗಟ್ಟಲೆ ಕಾಡುವ ಮಾನಸಿಕ ತೊಂದರೆ) ಇರುವವರಿಗೆ ಅದನ್ನೇ ಹೋಂವರ್ಕಿನಂತೆ ಕೊಟ್ಟು ಕಳಿಸುವುದು ಸರಿಯಲ್ಲ.

ಪಿಟಿಎಸ್‌ಡಿಗೆಂದೇ ಡೆನಿಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ ಚಿಕಿತ್ಸೆಯಲ್ಲಿ 5 ಭೇಟಿ, ಪ್ರತಿ ಸಲ ಚಿಕಿತ್ಸಕರ ಕೊಠಡಿಯಲ್ಲೇ 30 ನಿಮಿಷ ಬರವಣಿಗೆ. ಬರೆಯುವುದು ಪ್ರತಿ ಸಲವೂ ಅದೇ ಘಟನೆ. ಎರಡು ತೊಡಕು ಬರುತ್ತವೆ: ಎಫ್‌ಐಆರ್ ಥರ ಬರೀ ಸಂಗತಿ ಬರೆದು ಅನಿಸಿದ್ದನ್ನು ಬಿಡುವುದು, ಅತಿ ಕಷ್ಟದ ಗಳಿಗೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಡುವುದು. ಮುಂದಿನ ಭೇಟಿಯಲ್ಲಿ ಆ ಗಳಿಗೆಯನ್ನೇ ನಿಧಾನವಾಗಿ ಬರೆಯಲು ಹೇಳುತ್ತಾರೆ. 2018ರ ಅಧ್ಯಯನದಲ್ಲಿ ಇದರ ಫಲ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಎಂಬ 12 ಭೇಟಿಗಳ ಇನ್ನೊಂದು ಚಿಕಿತ್ಸೆಗಿಂತ ಕಡಿಮೆಯಿರಲಿಲ್ಲ, ಅರ್ಧಕ್ಕೆ ಬಿಟ್ಟುಹೋದವರೂ ಕಡಿಮೆ. ಆದರೆ ತರಬೇತಿ ಇಲ್ಲದೆ ಕೇಂದ್ರದಲ್ಲಿ ಇದನ್ನು ಮಾಡಿಸಬೇಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆಘಾತ_ಚಿಕಿತ್ಸೆ:
ನಡೆದದ್ದನ್ನೆಲ್ಲ ಬರೆಯಲೇಬೇಕೆಂದಿಲ್ಲ. ಮೇಲೆ ಹೇಳಿದ 12 ಭೇಟಿಗಳ ಚಿಕಿತ್ಸೆಯನ್ನು ಪೆಟ್ರೀಷಿಯಾ ರೆಸಿಕ್ ಮೊದಲು ರೂಪಿಸಿದ್ದೇ ಅತ್ಯಾಚಾರಕ್ಕೊಳಗಾದವರಿಗಾಗಿ. 2008ರಲ್ಲಿ ಅವರ ತಂಡವೇ ಪರೀಕ್ಷಿಸಿದಾಗ ಘಟನೆಯ ವಿವರ ಬರೆಯದವರೂ ಅಷ್ಟೇ ಚೇತರಿಸಿಕೊಂಡಿದ್ದರು.

ಅಲ್ಲಿ ಮೊದಲು ಬರೆಸುವುದು ಒಂದು ಪುಟ: ಇದು ಯಾಕಾಯಿತು ಅಂತ ನನಗನ್ನಿಸುತ್ತದೆ, ನನ್ನ ಬಗ್ಗೆ, ಜನರ ಬಗ್ಗೆ, ಲೋಕದ ಬಗ್ಗೆ ನನ್ನ ನಂಬಿಕೆ ಹೇಗೆ ಬದಲಾಯಿತು. ಆ ಪುಟದಲ್ಲಿ ತೀರ್ಪಿನಂತಿರುವ ಸಾಲು ಹುಡುಕಿ. ‘ಕಿರುಚಲಿಲ್ಲ, ಹಾಗಾಗಿ ತಪ್ಪು ನಂದೇ’ ಎಂಬುದು ಮತ್ತೆ ಮತ್ತೆ ಬರುತ್ತದೆ. ಅದರ ಕೆಳಗೆ ಅವರೇ ಬರೆಯಲಿ: ಆ ಹೊತ್ತಿಗೆ ನನಗೆ ಏನು ಗೊತ್ತಿತ್ತು? ಯಾವ ದಾರಿ ಇತ್ತು? ಈಗ ತಿಳಿದದ್ದನ್ನು ಆಗಲೇ ತಿಳಿದಿರಬೇಕಿತ್ತು ಅನ್ನುತ್ತಿದ್ದೇನೆಯೇ? ಭಯದಲ್ಲಿ ಮೈ ಮರಗಟ್ಟುವುದು, ದನಿ ಹೊರಡದಿರುವುದು ದೇಹ ತಾನಾಗಿ ಮಾಡುವ ಕೆಲಸ. ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಕೂಡ ಪ್ರತಿರೋಧಿಸಲಿಲ್ಲ ಎಂಬುದೊಂದರಿಂದಲೇ ಒಪ್ಪಿಗೆ ಎನ್ನಲಾಗದು ಎನ್ನುತ್ತದೆ. ‘ನಿನ್ನ ತಪ್ಪಿಲ್ಲಮ್ಮ’ ಎಂದು ಬಾಯಲ್ಲಿ ಖಂಡಿತ ಹೇಳಿ. ಹಾಳೆಯ ಮೇಲಿನ ಉತ್ತರ ಮಾತ್ರ ಅವರದ್ದೇ ಆಗಿರಲಿ. ಇನ್ನೊಬ್ಬರು ಬರೆದುಕೊಟ್ಟ ಸಮಾಧಾನ ಮನೆ ಮುಟ್ಟುವಷ್ಟರಲ್ಲಿ ಕರಗಿರುತ್ತದೆ.

ಕನ್ನಡವೋ ತುಳುವೋ ಉರ್ದುವೋ, ಮನೆಮಾತಿನಲ್ಲೇ ಬರೆಯಲಿ. ಕಾಗುಣಿತ ತಿದ್ದಬೇಡಿ.

ವಕೀಲೆ_ಧಾರವಾಡ:
‘ಬರೆದು ಸುಟ್ಟುಬಿಡಿ’ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ದೂರು ದಾಖಲಾಗಿದ್ದರೆ ಅಥವಾ ಕೊಡುವ ಯೋಚನೆಯಿದ್ದರೆ ವಕೀಲರನ್ನು ಕೇಳದೆ ಸುಡಬೇಡಿ, ಹರಿಯಬೇಡಿ. ನ್ಯಾಯಾಲಯ ದಾಖಲೆ ತರಿಸಿಕೊಳ್ಳಬಹುದು. ‘ತಪ್ಪು ನಂದೇ’ ಎಂಬ ಸಾಲನ್ನು ಆರೋಪಿಯ ಪರ ವಕೀಲರು ಎತ್ತಿ ಆಡಬಹುದು. ದಿನಾಂಕ, ಜಾಗ, ಆಡಿದ ಮಾತುಗಳ ಟಿಪ್ಪಣಿ ಬೇರೆ ಇರಲಿ, ಚಿಕಿತ್ಸೆಯ ಬರಹ ಬೇರೆ ಇರಲಿ. ಬಿಡಿ ಹಾಳೆಯಲ್ಲಿ ಬರೆಸಿ ಕೇಂದ್ರದ ಬೀಗದ ಕಪಾಟಿನಲ್ಲಿಡಿ. ಮೊಬೈಲ್ ಬೇಡ: ಅದೇ ಖಾತೆ ಮನೆಯ ಇನ್ನೊಂದು ಫೋನಿನಲ್ಲೂ ತೆರೆದಿದ್ದರೆ ಬರೆದದ್ದು ಅಲ್ಲೂ ಕಾಣುತ್ತದೆ.

ತಾಲ್ಲೂಕು_ಸಮಾಲೋಚಕಿ:
ಬರೆಯುತ್ತಿರುವಾಗಲೇ ಕಣ್ಣು ಎಲ್ಲೋ ನೆಟ್ಟು, ಕರೆದರೂ ಓಗೊಡದಿದ್ದರೆ?

ಮನಶ್ಶಾಸ್ತ್ರ_ಬೆಂಗಳೂರು:
ಅಳು, ನಡುಕ ಇದ್ದರೂ ನಿಮ್ಮ ಮಾತು ಕೇಳಿಸುತ್ತಿದ್ದರೆ ಸುಮ್ಮನೆ ಜೊತೆಗೆ ಕೂತಿರಿ. ಓಗೊಡದಿದ್ದರೆ ಬರವಣಿಗೆ ಅಲ್ಲಿಗೇ ನಿಲ್ಲಲಿ. ಮುಟ್ಟಬೇಡಿ. ಹೆಸರು ಹಿಡಿದು ಕರೆದು, ಇವತ್ತು ಯಾವ ವಾರ, ಈಗ ಎಲ್ಲಿದ್ದಾರೆ ಎಂದು ಹೇಳಿ. ಪಾದ ನೆಲಕ್ಕೆ ಒತ್ತಲಿ, ಕಣ್ಣಿಗೆ ಕಾಣುವ 5 ವಸ್ತುಗಳ ಹೆಸರು ಹೇಳಲಿ. ಆ ದಿನ ಮತ್ತೆ ಪೆನ್ನು ಕೊಡಬೇಡಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಕಳಿಸದೆ ಅದೇ ದಿನ ಮನೋವೈದ್ಯರಿಗೆ ತೋರಿಸಿ. ದೌರ್ಜನ್ಯ ಎಸಗಿದವನು ಇನ್ನೂ ಅದೇ ಮನೆಯಲ್ಲಿದ್ದರೆ ಬರೆಸುವ ಮೊದಲು ಅವರು ಇರಲು ಬೇರೆ ಜಾಗ ನೋಡಿ.